ನಾಲ್ಕು ಗಂಟೆಯ ‘ಕೊಳ್ಳಾಂ’

ನನ್ನ ಓದು ಏಳನೆಯ ತರಗತಿಗೇ ನಿಂತಿತ್ತು. ದುಡಿಮೆ ಎಂದೂ ನಿಂತಿರಲಿಲ್ಲ. ದಾವಣಗೆರೆಯಲ್ಲಿ ಅಚ್ಚಿನ ಯಂತ್ರ ನಡೆಸುತ್ತಿದ್ದವನು ಕೊಚ್ಚಿಗೆ ಬಂದು ಎಡಪ್ಪಳ್ಳಿಯ ಪ್ರೆಸ್ಸೊಂದನ್ನು ಸೇರಿದಾಗ ಅಲ್ಲಿನ ಕಂಪ್ಯೂಟರುಗಳೆಲ್ಲ ಲಿನಕ್ಸ್‌ಗೆ ಬದಲಾಗುತ್ತಿದ್ದವು. ಕಪ್ಪು ಪರದೆಯ ಮೇಲೆ ಆಜ್ಞೆ ಬರೆದು ಕೆಲಸ ಮಾಡಿಸುವುದನ್ನು ಕಲಿಯಬೇಕಿತ್ತು. ಕಲಿಸಿದವರು ತಿರುವನಂತಪುರದ ನಮ್ಮ ಮುಖ್ಯ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ ಹಿರಿಯರು. ಅಲ್ಲಿ ಗುರುವಿಗೆ ಆಶಾನ್ ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಹಿಂದೆ ಮಂಗಳೂರಿನಲ್ಲಿ ದುಡಿದಿದ್ದರಿಂದ ಅವರಿಗೆ ಮುರುಕು ಕನ್ನಡ ಬರುತ್ತಿತ್ತು. ಪಾಠವೆಲ್ಲ ಫೋನಿನಲ್ಲಿ.

“ಮೊದಲು ಪಿಡಬ್ಲ್ಯುಡಿ ಹೊಡಿ.”

“ಅದು ರಸ್ತೆ ಮಾಡೋ ಇಲಾಖೆ ಅಲ್ಲೇನ್ರಿ, ಆಶಾನ್?”

“ಎಡೋ, ನೀನು ಎಲ್ಲಿ ನಿಂತಿದ್ದಿ ಅಂತ ಹೇಳೋದು ಅದು. ನಿಂತ ಜಾಗ ಗೊತ್ತಿಲ್ಲದೆ ಏನನ್ನೂ ಅಳಿಸಬೇಡ.”

ಒಂದು ದಿನ, ಯಂತ್ರದೊಳಗೆ ಓಡುತ್ತಿರುವ ಕೆಲಸಗಳನ್ನೆಲ್ಲ ಪರದೆಗೆ ತರಲು ಹೇಳಿದರು. ಹಾಗೇ ತಂದೆ. ಅವರು ಅಲ್ಲಿಂದಲೇ ಬರೆದ ಒಂದು ಮಾತು ನನ್ನ ಪರದೆಯ ಮೇಲೆ ಮೂಡಿತು, ಇಂಗ್ಲಿಷ್ ಅಕ್ಷರಗಳಲ್ಲಿ: kollam. ಕೊಲ್ಲು ಎನ್ನುತ್ತಿದ್ದಾರೆ ಎಂದುಕೊಂಡು ‘ಕಿಲ್’ ಹೊಡೆದೆ. ಅಚ್ಚಾಗುತ್ತಿದ್ದ ಮದುವೆಯ ಕರೆಯೋಲೆ ಅರ್ಧಕ್ಕೇ ನಿಂತಿತು.

“ಕೊಲ್ಲೋಕೆ ಯಾರು ಹೇಳಿದ್ದು ಮಾರಾಯ? ಕೊಳ್ಳಾಂ! ಚೆನ್ನಾಗಿದೆ ಅಂದೆ!” ಫೋನಿನಲ್ಲಿ ಆಶಾನ್ ನಗುತ್ತಲೇ ಇದ್ದರು. “ಮದುಮಗ ಉಳಿದನಾ, ಅವನನ್ನೂ ಮುಗಿಸಿದೆಯಾ?”

ಇಂಗ್ಲಿಷಿಗೆ ಲಕಾರಕ್ಕೂ ಳಕಾರಕ್ಕೂ ಒಂದೇ ಅಕ್ಷರ. ಕೊಲ್ಲುವುದೂ ಮೆಚ್ಚುವುದೂ ಒಂದೇ ಮಾತಿನಲ್ಲಿ ಅಡಗಿದ್ದವು.

ಆಮೇಲೆ ಆಶಾನ್ ಒಂದು ಏರ್ಪಾಡು ಮಾಡಿದರು. ದಿನವೂ ನಾಲ್ಕು ಗಂಟೆಗೆ ನನ್ನ ಪುಟಗಳ ಪ್ರತಿ ತಾನಾಗಿ ತಿರುವನಂತಪುರಕ್ಕೆ ಹೋಗಬೇಕು; ನನ್ನ ಪರದೆಯ ಮೇಲೆ ಆ ಮಾತು ಬರಬೇಕು. ಹೊಗಳಿಕೆಗೆ ಕೈಚಾಚಿದವನಲ್ಲ ನಾನು. ಆದರೂ ನಾಲ್ಕಾಗುವುದನ್ನು ಕಾಯುತ್ತಿದ್ದೆ.

ಒಂದು ಮಳೆಗಾಲದಲ್ಲಿ ಆಶಾನ್ ತೀರಿಕೊಂಡರು. ಮರುದಿನ ನಾಲ್ಕಕ್ಕೆ ಪರದೆಯ ಮೇಲೆ ಬಂತು: kollam.

“ಅಯ್ಯೋ ಚೇಟ್ಟಾ, ಆಶಾನ್ ವನ್ನು!” ಅಣ್ಣಾ, ಆಶಾನ್ ಬಂದರು ಎಂದು ಕೂಗಿ, ಪಕ್ಕದ ಕುರ್ಚಿಯಲ್ಲಿ ಟೈಪ್ ಮಾಡುವ ಹೆಂಗಸು ಎದ್ದೇಬಿಟ್ಟಳು. ಮತ್ತೆ ನನ್ನ ಪಕ್ಕದಲ್ಲಿ ಕೂರಲಿಲ್ಲ.

ಅದು ಗಡಿಯಾರ ನೋಡಿ ನಡೆಯುವ ಆಜ್ಞೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ನಾಲ್ಕಾದರೆ ಒಮ್ಮೆ ಹಿಂದಿರುಗಿ ನೋಡುತ್ತಿದ್ದೆ. ಅದಕ್ಕಿಂತ ಕೆಟ್ಟವು ಆ ಮಾತು ಬಾರದ ದಿನಗಳು. ಎಲ್ಲಿ ತಪ್ಪಿದೆ, ಏಕೆ ಮುನಿಸು ಎಂದು ಅಂದಿನ ಪುಟಗಳನ್ನೆಲ್ಲ ಮತ್ತೆ ನೋಡುತ್ತಿದ್ದೆ. ತಪ್ಪೇನೂ ಸಿಗುತ್ತಿರಲಿಲ್ಲ.

ಕೊನೆಗೆ ಮುದಲಾಳಿ, ನಮ್ಮ ಧಣಿ, ಕರೆದು ಹೇಳಿದರು: “ಆ ಹಳೇ ಸರ್ವರ್ ತೆಗೀತಾ ಇದ್ದೀವಿ. ಪಾಸ್‌ವರ್ಡ್ ಗೊತ್ತಿರೋದು ನಿನಗೊಬ್ಬನಿಗೇ. ತಿರುವನಂತಪುರಕ್ಕೆ ಹೋಗಿ ಆಶಾನ್ ಖಾತೆ ಅಳಿಸಿ ಬಾ.”

ಆ ಮಾತನ್ನು ಈ ಸಲ ನಿಜಕ್ಕೂ ನಾನೇ ಕೊಲ್ಲಬೇಕಿತ್ತು. ದಾರಿಯಲ್ಲಿ ಕೊಲ್ಲಂ ಊರಿನ ಸ್ಟೇಷನ್ನಿನಲ್ಲಿ ರೈಲು ನಿಂತಾಗ, ಹಳದಿ ಫಲಕದ ಮೇಲಿನ ಆ ಇಂಗ್ಲಿಷ್ ಅಕ್ಷರಗಳನ್ನು ನೋಡಲಾಗದೆ ಮುಖ ತಿರುಗಿಸಿದೆ.

ಆಶಾನ್ ಕುರ್ಚಿಯಲ್ಲಿ ಕೂತೆ. ಮೊದಲು ಪಿಡಬ್ಲ್ಯುಡಿ ಹೊಡೆದೆ: ಖಾತೆಯ ಜಾಗಕ್ಕೆ ಲಿನಕ್ಸ್‌ನಲ್ಲಿ ‘ಹೋಮ್’ ಎನ್ನುತ್ತಾರೆ; ಅವರ ಮನೆಯೊಳಗೇ ನಿಂತಿದ್ದೆ. ಗಡಿಯಾರದ ಆಜ್ಞೆಯ ಸಾಲನ್ನು ತೆರೆದೆ. ಪ್ರತಿ ತರುವ ಆಜ್ಞೆಗೂ kollamಗೂ ನಡುವೆ && ಎಂಬ ಜೋಡಿ ಗುರುತು. ಮೊದಲನೆಯದು ಸರಿಯಾಗಿ ಮುಗಿದರೆ ಮಾತ್ರ ಎರಡನೆಯದು ನಡೆಯಲಿ ಎಂದು ಅದರ ಅರ್ಥ. ಅದನ್ನು ಕಲಿಸಿದವರೂ ಅವರೇ. ಮಾತು ಬಾರದ ದಿನಗಳ ಪುಟಗಳನ್ನು ಹುಡುಕಿದೆ. ಅಲ್ಲಿಗೆ ಅವು ಬಂದೇ ಇರಲಿಲ್ಲ. ಮುನಿಸಲ್ಲ, ತಲುಪಲಿಲ್ಲ ಎಂದು ಆ ಮನುಷ್ಯ ಸತ್ತ ಮೇಲೂ ಹೇಳುತ್ತಿದ್ದರು, ನನಗೆ ಕೇಳಿರಲಿಲ್ಲ. ಬಂದ ದಿನಗಳ ಕೊಳ್ಳಾಂ ಬಿಟ್ಟಿ ಬಂದದ್ದಲ್ಲ; ಪುಟ ಮುಟ್ಟಿದ್ದಕ್ಕೇ ಬಂದದ್ದು.

ಮತ್ತೊಮ್ಮೆ ಪಿಡಬ್ಲ್ಯುಡಿ ಹೊಡೆದು ನೋಡಿ, ಅಳಿಸಿದೆ.

ಅಲ್ಲಿನ ಹೊಸ ಸರ್ವರ್‌ನಲ್ಲಿ ಆ ಸಾಲನ್ನು ನಾನೇ ಬರೆದೆ, ಜೋಡಿ ಗುರುತಿನ ತನಕ. ಮುಂದಿನ ಮಾತಿಗೆ ಕೈ ತಡೆಯಿತು. ನನಗೆ ನಾನೇ ಕೊಳ್ಳಾಂ ಎನ್ನಲಾರೆ. ಕನ್ನಡದಲ್ಲಿ ಒಂದು ಮಾತು ಹಾಕಿದೆ.

ಮರುದಿನ ನಾಲ್ಕಕ್ಕೆ ಎಡಪ್ಪಳ್ಳಿಯ ಪರದೆಯ ಮೇಲೆ ಅದು ಬಂತು: muttitu. ಟೈಪ್ ಮಾಡುವ ಹೆಂಗಸು ದೂರದಿಂದಲೇ ಕತ್ತು ಚಾಚಿ ಕೇಳಿದಳು, “ಯಾರು ಚೇಟ್ಟಾ, ಆಶಾನೋ?”

“ಅಲ್ಲ,” ಎಂದೆ. “ನಾನೇ. ಮುಟ್ಟಿತು ಅಂತ ಅವರಿಗೆ ಹೇಳಿದ್ದು.”