ಎಣಿಸಿದ ಗೆಲುವು, ತೂಗಿದ ಗೆಲುವು

ಇವತ್ತು ಬೆಳಿಗ್ಗೆ ತಿಪಟೂರಿನ ಅಂಗಡಿಯಲ್ಲಿ ದಪ್ಪನೆಯ ಉಂಡೆ ಕೊಬ್ಬರಿಯೊಂದನ್ನು ನಾನೇ ಆರಿಸಿ ತಕ್ಕಡಿಗೆ ಹಾಕಿದೆ. ತಟ್ಟೆ ಕೆಳಗಿಳಿಯಲೇ ಇಲ್ಲ. ನನಗೆ ನಗು ಬಂತು, ಅಂಗಡಿಯವನು ಅನುಮಾನದಿಂದ ನೋಡಿದ. ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ಬಿಡುವಿನಲ್ಲಿ ಚೆಸ್ ಆಡುತ್ತಿದ್ದೆ; ಹೆಡ್‌ಮಾಸ್ಟರರ ಪ್ರಕಾರ ಇದು ತಿರುಗುಮುರುಗಾಗಿತ್ತು. ನಮ್ಮೂರಿನ ಪಂದ್ಯಾವಳಿಯಲ್ಲಿ ಯಾರ ಎದುರು ಯಾರು ಎನ್ನುವುದಕ್ಕೆ ಚೀಟಿ ಎತ್ತುತ್ತಿದ್ದರು. ಕೊನೆಗೆ ಇಬ್ಬರ ಅಂಕ ಸಮವಾದರೆ ಮತ್ತೆ ಚೀಟಿ. ಗೆದ್ದವರಿಗೆ ಪ್ರತಿವರ್ಷ ಹೊಸದೊಂದು ಬಹುಮಾನದ ಕಪ್ಪು, ತುಮಕೂರಿನ ಜಿಲ್ಲಾ ಪಂದ್ಯಕ್ಕೂ ಅವರೊಬ್ಬರೇ. ಒಂದು ವರ್ಷ ಹಾಗೆ ಚೀಟಿಯಲ್ಲಿ ಗೆದ್ದವನು ನಾನು. ಸೋತವರು ಮಾಯಸಂದ್ರದಲ್ಲಿ ಕೊಬ್ಬರಿ ಅಂಗಡಿ ನಡೆಸುವ ಗಿರಿಜಮ್ಮ. "ಹೋಗ್ಲಿ ಬುಡಿ ಮೇಷ್ಟ್ರೇ" ಎಂದು ನಕ್ಕು ಬಸ್ಸು ಹತ್ತಿದ್ದರು. ಆ ನಗು ವರ್ಷವಿಡೀ ಚುಚ್ಚಿತು. ಕಪ್ಪನ್ನು ಮಾತ್ರ ದಿನವೂ ಒರೆಸುತ್ತಿದ್ದೆ.

ಮರುವರ್ಷವೂ ಆರು ಸುತ್ತು ಮುಗಿದಾಗ ನಮ್ಮಿಬ್ಬರಿಗೂ ಐದೈದು ಅಂಕ. ಪಂದ್ಯ ನಡೆಸುತ್ತಿದ್ದ ಹಿರಿಯರಾದ ಶಿವಣ್ಣನವರು ಚೀಟಿ ಸುತ್ತತೊಡಗಿದರು. ಗಿರಿಜಮ್ಮ ಎದ್ದು ನಿಂತರು.

"ಶಿವಣ್ಣೋರೇ, ತೆಂಗಿನಕಾಯಾದ್ರೆ ಎಣಿಸ್ತೀರ. ಕೊಬ್ರೀನೂ ಎಣಿಸ್ತೀರೇನ್ರೀ?"

"ಎಲ್ಲಾದ್ರೂ ಉಂಟಾ ತಾಯಿ? ಕೊಬ್ರಿ ತೂಗ್ಬೇಕು ಕಣಮ್ಮ."

"ಗೆಲುವನ್ನೂ ತೂಗಿ ಮತ್ತೆ. ನಾವು ಯಾರ್ಯಾರ ಎದುರು ಆಡಿದ್ವೋ ಅವರೆಲ್ಲ ಎಷ್ಟೆಷ್ಟು ಅಂಕ ತಗಂಡವ್ರೆ, ಕೂಡ್ಸಿ. ಗಟ್ಟಿ ಆಳ್ಗಳ ಎದುರು ಆಡಿದೋರು ಯಾರು ಅಂತ ಗೊತ್ತಾಯ್ತದೆ."

ಶಿವಣ್ಣನವರು ನನ್ನತ್ತ ತಿರುಗಿದರು. "ಲೆಕ್ಕದ ಮೇಷ್ಟ್ರು ಇಲ್ಲೇ ಅವ್ರಲ್ಲ. ಅವರು ಸರಿ ಅಂದ್ರೆ ತೂಗಾನ, ಇಲ್ದಿದ್ರೆ ಚೀಟಿ."

ಒಳ್ಳೆ ಪೀಕಲಾಟಕ್ಕೆ ಬಂತು. ನನಗೆ ಸಿಕ್ಕವರಲ್ಲಿ ಮೂವರು ಕುದುರೆ ನಡೆಸಲು ತಡಕಾಡುವವರು. ಚೀಟಿಯಾದರೆ ಅರ್ಧ ಆಸೆಯಾದರೂ ಇತ್ತು. ಆದರೆ ಸರಿಯಾದ ಲೆಕ್ಕವನ್ನು ತಪ್ಪೆನ್ನಲು ಬಾಯಿ ಬರಲಿಲ್ಲ. "ಅವರು ಹೇಳೋದೇ ಸರಿ" ಎಂದು ಸೀಮೆಸುಣ್ಣ ಹಿಡಿದು ನಾನೇ ಕೂಡಿಸಿದೆ. ಅವರದು ಇಪ್ಪತ್ತೊಂದು, ನನ್ನದು ಹದಿನಾರೂವರೆ. ಇನ್ನೊಮ್ಮೆ ಕೂಡಿಸಿದೆ. ಅಷ್ಟೇ ಬಂತು.

ಶಿವಣ್ಣನವರು ಚೀಟಿಗಳನ್ನು ಹರಿದೆಸೆದರು. ಗಿರಿಜಮ್ಮ ಕಪ್ಪನ್ನು ತಲೆಯ ಮೇಲೆತ್ತಿ ಹಿಡಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಗೆದ್ದ ವರ್ಷವೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ. ಅಲ್ಲಿಂದಾಚೆಗೆ ಅಂಕ ಸಮವಾದಾಗ ನಮ್ಮೂರಲ್ಲಿ ಯಾರೂ ಚೀಟಿ ಎತ್ತಲಿಲ್ಲ.

ಅಂಗಡಿಯಿಂದ ಮನೆಗೆ ಬಂದು ನನ್ನ ಹಳೆಯ ಕಪ್ಪನ್ನು ಕೆಳಗಿಳಿಸಿದೆ. ನಾನು ಚೀಟಿಯಲ್ಲಿ ಗೆದ್ದ ವರ್ಷದ ಅಂಕಪಟ್ಟಿಯನ್ನು ಅದರೊಳಗೇ ಮಡಿಸಿಟ್ಟಿದ್ದೆ; ಕೂಡಿಸುವ ಧೈರ್ಯ ಇಷ್ಟು ವರ್ಷ ಬಂದಿರಲಿಲ್ಲ. ಇವತ್ತು ಕೂಡಿಸಿದೆ. ಆ ವರ್ಷವೂ ಗಿರಿಜಮ್ಮನವರದೇ ತೂಕ.

ಇದನ್ನು ಮಾಯಸಂದ್ರದ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಪ್ಪು ತೊಡೆಯ ಮೇಲಿದೆ.