ಇಲ್ಲದ ಹತ್ತಿರದ ದಾರಿ

ಚಿಕ್ಕಮ್ಮನ ಕಿವಿಯ ಮಿಷನ್ ಕೈಕೊಟ್ಟದ್ದು ಮೊಮ್ಮಗಳ ನಿಶ್ಚಿತಾರ್ಥದ ದಿನವೇ. "ಸಂಜೆ ಆ ಹುಡುಗ ಮಾತಾಡೋದು ನಾನು ಕೇಳ್ಬೇಕು. ಫೋಟೋದಲ್ಲಿ ಎಲ್ರೂ ಒಳ್ಳೆಯವರೇ" ಎಂದು ಹಟ ಹಿಡಿದರು. ಹಲಸೂರಿನಿಂದ ಆಟೋ ಹತ್ತಿ ಶಿವಾಜಿನಗರಕ್ಕೆ ಹೋದೆವು. ಮಿಷನ್ ರಿಪೇರಿ ಮಾಡುವ ಭಾಯಿ ಟೀ ಅಂಗಡಿಯ ಪಕ್ಕದ ಮಹಡಿಯಲ್ಲಿ ಕೂರುತ್ತಿದ್ದರು. ಈಗ ನೋಡಿದರೆ ಆ ಕಟ್ಟಡವೇ ಇಲ್ಲ, ಬರೀ ತಗಡಿನ ಬೇಲಿ.

"ಇಲ್ಲೇ ಎಲ್ಲೋ ಹತ್ರ ಹೋಗಿದಾರೆ ಸಾರ್. ತಿರುವಿನ ದರ್ಜಿಗೆ ಗೊತ್ತು, ಮೊನ್ನೆ ಯಾರಿಗೋ ಹೇಳ್ತಿದ್ರು" ಎಂದರು ಟೀ ಅಂಗಡಿಯವರು.

ದರ್ಜಿ ಹೊಲಿಯುತ್ತಲೇ, "ಟೀ ಅಂಗಡಿಯವರನ್ನ ಕೇಳಿ, ಅವರ ಪಕ್ಕದಲ್ಲೇ ಅಲ್ವಾ" ಎಂದರು. ಹಿಂದಕ್ಕೆ ಬಂದರೆ ಟೀಯವರು ಮತ್ತೆ ದರ್ಜಿಯ ಕಡೆ ಕೈ ತೋರಿಸಿದರು.

"ಏನಂತೋ?" ಎಂದರು ಚಿಕ್ಕಮ್ಮ.

"ಅವರನ್ನ ಕೇಳಿ ಅಂತಾರೆ" ಎಂದು ಕೂಗಿದೆ.

"ಅವರ ಹತ್ರದಿಂದಲೇ ತಾನೆ ನಾವು ಬಂದಿದ್ದು?"

ದೊಡ್ಡನೆಕ್ಕುಂದಿಯ ಆಫೀಸೊಂದರಲ್ಲಿ ನೆಟ್‌ವರ್ಕ್ ನೋಡಿಕೊಂಡೇ ತಲೆ ನರೆಸಿಕೊಂಡವನು ನಾನು. ಸಿಟ್ಟು ಬರುವ ಬದಲು ಕುತೂಹಲ ಕೆರಳಿತು. ಮಾಹಿತಿಗೆ ದಾರಿ ತೋರಿಸುವ ಪೆಟ್ಟಿಗೆಗಳಾದ ರೂಟರ್‌ಗಳಿಗೆ, ಹಳೆಯ ಪದ್ಧತಿಯವಾದರೆ, ಊರಿನ ನಕ್ಷೆ ಗೊತ್ತಿರುವುದಿಲ್ಲ. ಪಕ್ಕದ ರೂಟರ್ "ಆ ಜಾಗ ನನ್ನಿಂದ ಎರಡು ಹೆಜ್ಜೆ" ಎಂದರೆ, ಇದು ಒಂದು ಸೇರಿಸಿ "ನನ್ನಿಂದ ಮೂರು" ಎನ್ನುತ್ತದೆ, ಅಷ್ಟೆ. ತಂತಿ ಕಡಿದ ದಿನ, ತಾನು ಹಿಂದೆ ಹೇಳಿದ್ದ ಸುದ್ದಿಯೇ ಪಕ್ಕದವನ ಬಾಯಿಂದ ವಾಪಸ್ಸು ಬರುತ್ತದೆ. ಅದನ್ನೇ ಕೇಳಿ ಹೊಸ ದಾರಿ ಸಿಕ್ಕಿತೆಂದು ಈ ರೂಟರ್ ನಂಬಿಬಿಡುತ್ತದೆ. ಆಮೇಲೆ ಇಬ್ಬರೂ ದೂರದ ಲೆಕ್ಕ ಏರಿಸುತ್ತಾ ಹೋಗುತ್ತಾರೆ; ಕಳಿಸಿದ ಮಾಹಿತಿ ನಮ್ಮಂತೆಯೇ ಮಧ್ಯದಲ್ಲಿ ಅಲೆಯುತ್ತದೆ. ಇದಕ್ಕೆ ಒಂದು ಮದ್ದಿದೆ: ದಾರಿ ಯಾರಿಂದ ಕಲಿತೆಯೋ ಅವರಿಗೇ ಅದನ್ನು ತಿರುಗಿ ಹೇಳಬೇಡ. ಇನ್ನೊಂದೂ ಇದೆ: ದಾರಿ ಕಡಿದುಹೋದರೆ ಬಾಯಿ ಮುಚ್ಚಿಕೊಂಡು ಕೂರಬೇಡ, "ನನ್ನಿಂದ ಅಲ್ಲಿಗೆ ಮುಟ್ಟಲಾಗದು" ಎಂದು ಸಾರಿಬಿಡು.

ದರ್ಜಿಯ ಮುಂದೆ ನಿಂತು, "ಟೀಯವರಿಂದ ಕೇಳಿದ್ದು ಬಿಟ್ಟು, ನಿಮಗೇ ಏನಾದ್ರೂ ಗೊತ್ತಾ?" ಎಂದೆ.

ಹೊಲಿಗೆ ನಿಂತಿತು. "ಇಲ್ಲ ಸಾರ್."

ಇದು ಕಿವಿಗೆ ಬಿದ್ದದ್ದೇ ಟೀಯವರು ಅಲ್ಲಿಂದಲೇ ದರ್ಜಿಗೆ ಕೂಗಿ ಹೇಳಿದರು: "ನಂಗೂ ಗೊತ್ತಿಲ್ಲ ಸಾಬ್. ಇನ್ಮೇಲೆ ಯಾರನ್ನೂ ಇಲ್ಲಿಗೆ ಕಳಿಸ್ಬೇಡಿ."

"ನೀವು ಕಳಿಸೋದು ನಿಲ್ಸಿ ಮೊದ್ಲು. ಬೆಳಿಗ್ಗೆಯಿಂದ ಒಂದು ತೋಳು ಹೊಲಿಯೋಕೆ ಬಿಟ್ಟಿಲ್ಲ" ಎಂದರು ದರ್ಜಿ.

ಇಬ್ಬರ ನಡುವೆ ಹೂವು ಕಟ್ಟುತ್ತಾ ಕೂತಿದ್ದ ಹೆಂಗಸು ಆಗ ತಲೆ ಎತ್ತಿದಳು. "ಭಾಯಿ ಕಾಕ್ಸ್ ಟೌನ್‌ಗೆ ಹೋದ್ರಲ್ಲ, ಚರ್ಚ್ ಹಿಂದೆ, ಬೇಕರಿ ಮೇಲೆ."

"ಮೊದಲೇ ಹೇಳ್ಬಾರ್ದಿತ್ತೇನಕ್ಕ?"

"ಇವರಿಬ್ರೂ ಹತ್ರಾನೇ ಅಂದ್ರಲ್ಲಣ್ಣ. ಅಮ್ಮನ್ನ ಅಷ್ಟು ದೂರ ಯಾಕೆ ಓಡಿಸ್ಲಿ ಅಂತ ಸುಮ್ನಿದ್ದೆ."

ಅದನ್ನು ಕೇಳಿ ಬೆರಗಾಗಿ ನಿಂತೆ. ರೂಟರ್ ಮಾಡುವುದೂ ಥೇಟ್ ಇದನ್ನೇ. ಇಲ್ಲದ ಹತ್ತಿರದ ದಾರಿ ಸಾಯುವವರೆಗೂ, ನಿಜವಾಗಿ ಇರುವ ದೂರದ ದಾರಿಗೆ ಬೆಲೆಯಿಲ್ಲ.

ಕಾಕ್ಸ್ ಟೌನಿನಲ್ಲಿ ಭಾಯಿ ಸಿಕ್ಕರು, ಮಿಷನ್ ಸರಿಯಾಯಿತು. ವಾಪಸ್ಸು ಬರುವಾಗ ಆಟೋದಲ್ಲಿ ಈ ರೂಟರ್ ಪುರಾಣವನ್ನೆಲ್ಲ ಹೇಳತೊಡಗಿದೆ. "ಕೂಗ್ಬೇಡ್ವೋ, ಕಿವಿ ಬಂದಿದೆ" ಎಂದರು ಚಿಕ್ಕಮ್ಮ.

ಸಂಜೆ ಹುಡುಗನನ್ನು ಪಕ್ಕದಲ್ಲೇ ಕೂರಿಸಿಕೊಂಡರು. "ಮದುವೆ ಆದ್ಮೇಲೆ ಮನೆ ಎಲ್ಲಿ ಮಾಡ್ತೀಯಪ್ಪ?"

ಅವನ ಸೋದರಮಾವ "ಇಂದಿರಾನಗರದಲ್ಲೇ" ಎಂದು ಬಾಯಿ ಹಾಕಿದರು. ಹುಡುಗ ಮೆಲ್ಲಗೆ, "ಇಲ್ಲ ಅಜ್ಜಿ, ಇನ್ನೂ ಗೊತ್ತಿಲ್ಲ" ಎಂದ.

ಚಿಕ್ಕಮ್ಮ ನನ್ನ ಕಡೆ ತಿರುಗಿದರು. "ಕೇಳಿಸ್ತೇನೋ? ಗೊತ್ತಿಲ್ಲ ಅಂತ ಬಾಯ್ಬಿಟ್ಟು ಹೇಳ್ತಾನೆ. ಸಾಕು, ತಾಂಬೂಲ ಬದಲಾಯಿಸ್ಕೊಳ್ಳಿ."