ಕಿಟಕಿಯಾಚೆಗೆ ಹೇಳಿದ ಶಿಲ್ಪಿಗಳ ಕಥೆ

ಅಮೆರಿಕದ ಹರ್ನ್‌ಡನ್ನಿನ ಮೂಳೆ ಡಾಕ್ಟರ್ ಬದರಿನಾಥರಿಗೆ ಮೂಳೆ ಗೊತ್ತಿತ್ತು, ಶಿಲ್ಪ ಗೊತ್ತಿರಲಿಲ್ಲ. ಅದು ಹೆಂಡತಿ ಜ್ಯೋತ್ಸ್ನಾ ಅವರ ಲೋಕ. ಮಗ ನೀಲ್ ಕಾಲೇಜಿಗೆ ಹೋದ ಮೇಲೆ ಆಕೆ ವಾಷಿಂಗ್ಟನ್ನಿನ ಒಂದು ಮ್ಯೂಸಿಯಂನಲ್ಲಿ ಸಂಬಳವಿಲ್ಲದ ಗೈಡ್ ಆಗಿ ಸೇರಿ, ಹದಿನಾರನೇ ಶತಮಾನದ ಇಟಲಿಯ ಕಂಚಿನ ಪ್ರತಿಮೆಗಳನ್ನು ಜನರಿಗೆ ತೋರಿಸುತ್ತಿದ್ದರು. "ಒಂದ್ಸಲ ನನ್ನ ಟೂರ್‌ಗೆ ಬನ್ರೀ" ಎಂದು ಕರೆದಾಗಲೆಲ್ಲ ಗಂಡನಿಗೆ ಆಪರೇಷನ್ ಇರುತ್ತಿತ್ತು. ಕೊನೆಗೆ ಆಕೆ ಕರೆಯುವುದನ್ನೇ ಬಿಟ್ಟರು.

ಬದರಿನಾಥರು ನಿವೃತ್ತರಾಗುವ ಹೊತ್ತಿಗೆ ಜ್ಯೋತ್ಸ್ನಾಗೆ ಮರೆವಿನ ಕಾಯಿಲೆ ಹಿಡಿದಿತ್ತು. ಸ್ಟೋವ್ ಆನ್ ಮಾಡಿಟ್ಟು ಹೊರಗೆ ನಡೆದುಬಿಡುತ್ತಿದ್ದರು. ಒಮ್ಮೆ ಹೆದ್ದಾರಿಯ ಅಂಚಿನಲ್ಲಿ ಪೊಲೀಸರಿಗೆ ಸಿಕ್ಕರು. ಬೇರೆ ದಾರಿ ಕಾಣದೆ ಬದರಿನಾಥರು ಅವರನ್ನು ಹತ್ತಿರದ ಆರೈಕೆ ಕೇಂದ್ರಕ್ಕೆ ಸೇರಿಸಿದರು. ಅಷ್ಟರಲ್ಲೇ ಕೋವಿಡ್ ಬಂದು ಕೇಂದ್ರದ ಬಾಗಿಲು ಮುಚ್ಚಿತು.

ಉಳಿದದ್ದು ಒಂದು ಕಿಟಕಿ. ಹೊರಗೆ ಹುಲ್ಲಿನ ಮೇಲೆ ಬದರಿನಾಥರು ಮಡಚುವ ಕುರ್ಚಿ ಹಾಕಿ ಕೂರುವರು. ಒಳಗೆ ನರ್ಸ್ ಜ್ಯೋತ್ಸ್ನಾರ ಕಿವಿಗೆ ಫೋನ್ ಹಿಡಿಯುವಳು. ಮನೆಯ ವಿಷಯ, ನೀಲ್‌ನ ವಿಷಯ, ಯಾವುದೂ ಆ ಮುಖವನ್ನು ಮುಟ್ಟುತ್ತಿರಲಿಲ್ಲ. ಬದರಿನಾಥರು ಹೆಂಡತಿಯ ಶಿಲ್ಪದ ಪುಸ್ತಕಗಳನ್ನು ಓದತೊಡಗಿದರು. ಓದಿದ್ದನ್ನು ಬಂದು ಹೇಳುವರು.

ಒಂದು ದಿನ ಜಾಂಬೊಲೋನ್ಯ ಎಂಬ ಶಿಲ್ಪಿಯ ಕಥೆ ಹೇಳಿದರು. ದೂರದೇಶದಿಂದ ಇಟಲಿಗೆ ಬಂದ ಹುಡುಗ ಅವನು. ತಾನು ಮಾಡಿದ ಮೇಣದ ಗೊಂಬೆಯನ್ನು ನುಣುಪಾಗಿ ತಿಕ್ಕಿ, ಮುದುಕ ಮೈಕೆಲಾಂಜೆಲೊಗೆ ತೋರಿಸಿದನಂತೆ. ಮೈಕೆಲಾಂಜೆಲೊ ಅದನ್ನು ಅಂಗೈಯಲ್ಲಿ ಹಿಚುಕಿ ಮುದ್ದೆ ಮಾಡಿದನಂತೆ.

"ಅಷ್ಟೇ ಅಲ್ಲ," ಎಂದರು ಜ್ಯೋತ್ಸ್ನಾ, ತಟ್ಟನೆ. "ಹಿಚುಕಿದ ಮೇಲೆ ತಾನೇ ಮತ್ತೆ ಮಾಡಿ ತೋರಿಸ್ದ. ಅದನ್ನ ಬಿಟ್ಬಿಟ್ರಲ್ಲ ನೀವು!"

ಬದರಿನಾಥರು ಕಾರಿಗೆ ಬಂದು ಮಗನಿಗೆ ಫೋನ್ ಮಾಡಿ, "ನಿಮ್ಮಮ್ಮ ವಾಪಸ್ ಬರ್ತಿದಾಳೆ ಕಣೋ" ಎಂದು ಅತ್ತರು.

ಆಕೆ ವಾಪಸ್ ಬರುತ್ತಿರಲಿಲ್ಲ. ಮುಂದಿನ ವಾರಗಳಲ್ಲಿ ಬದರಿನಾಥರು ಚೆಲ್ಲೀನಿ ಎಂಬ ಇನ್ನೊಬ್ಬ ಶಿಲ್ಪಿಯ ಕುಲುಮೆಯ ಕಥೆ ಹೇಳಿದರು, ಕಂಚು ಎರಕ ಹೊಯ್ಯುವ ಬಗೆ ಹೇಳಿದರು. ಬೇಕೆಂದೇ ತಪ್ಪು ಹೇಳಿಯೂ ನೋಡಿದರು. ಆಕೆ ತಿದ್ದಲಿಲ್ಲ. ಎಲೆ ಉದುರುವ ಕಾಲದಲ್ಲಿ ಒಮ್ಮೆ ಕಥೆಯ ನಡುವೆ ಜ್ಯೋತ್ಸ್ನಾ ನಕ್ಕು ಕೇಳಿದರು:

"ನೀವು ಬಂದು ಇದೆಲ್ಲ ಹೇಳ್ತೀರಿ, ಸಂತೋಷ. ನಿಮ್ಮ ಮನೆಯವ್ರಿಗೂ ಇದೆಲ್ಲ ಇಷ್ಟಾನಾ?"

"ಹೂಂ. ನನಗಿಂತ ಚೆನ್ನಾಗಿ ಗೊತ್ತು ಅವಳಿಗೆ."

"ಹಾಗಾದ್ರೆ ಕರ್ಕೊಂಡ್ ಬನ್ನಿ."

"ಆಗಲಿ," ಎಂದರು ಬದರಿನಾಥರು. ಬಿಟ್ಟಲ್ಲಿಂದ ಕಥೆ ಮುಂದುವರಿಸಿದರು.

ಚಳಿಗಾಲದಲ್ಲಿ ಕೇಂದ್ರದೊಳಕ್ಕೂ ಕೋವಿಡ್ ಹೊಕ್ಕಿತು. ಆಸ್ಪತ್ರೆಗೆ ಸಾಗಿಸಿದ ಜ್ಯೋತ್ಸ್ನಾರ ಮುಖವನ್ನು ಅಲ್ಲಿನ ನರ್ಸ್ ಒಬ್ಬಳು ಐಪ್ಯಾಡ್ ಹಿಡಿದು ಮನೆಯಲ್ಲಿದ್ದ ಗಂಡನಿಗೆ ತೋರಿಸಿದಳು. ಅಂದು ಬದರಿನಾಥರು ಯಾವ ಶಿಲ್ಪಿಯ ಕಥೆಯನ್ನೂ ಹೇಳಲಿಲ್ಲ. "ಜ್ಯೋತ್ಸ್ನಾ, ನಾನು ಕಣೇ, ಬದರಿ" ಎಂದಷ್ಟೇ ಮತ್ತೆ ಮತ್ತೆ ಕೂಗಿದರು. ಆಕೆ ಕಣ್ಣು ತೆರೆಯಲಿಲ್ಲ. ಮರುದಿನ ಹೋಗಿಬಿಟ್ಟರು.

ಮುಂದಿನ ಬೇಸಿಗೆಯಲ್ಲಿ ಮ್ಯೂಸಿಯಂ ತೆರೆದಾಗ ನೀಲ್ ತಂದೆಯನ್ನು ಕರೆದುಕೊಂಡು ಹೋದ. ಪ್ರತಿಮೆಗಳ ಕೋಣೆಯಲ್ಲಿ ಮಾಸ್ಕ್ ಹಾಕಿದ ಕೆಲವೇ ಜನ. ಬದರಿನಾಥರು ಒಂದೊಂದರ ಸುತ್ತಲೂ ನಿಧಾನವಾಗಿ ಬಂದು, ತಿರುಚಿದ ಸೊಂಟ, ಎತ್ತಿದ ತೋಳು, ಉಬ್ಬಿದ ನರಗಳನ್ನು ನೋಡಿದರು. ಮಾಡಿದವನ ಹೆಸರನ್ನು ಫಲಕ ನೋಡದೆಯೇ ಹೇಳಿದರು.

"ಅಪ್ಪಾ, ಇದ್ರಲ್ಲಿ ಅಮ್ಮನ ಫೇವರಿಟ್ ಯಾವ್ದು?" ನೀಲ್ ಕೇಳಿದ.

ಬದರಿನಾಥರು ಸುತ್ತ ನೋಡಿ ಬೆಂಚಿನ ಮೇಲೆ ಕುಳಿತರು.

"ಗೊತ್ತಿಲ್ಲ ಕಣೋ," ಎಂದರು. "ನಾನು ಕೇಳಲೇ ಇಲ್ಲ."